ಟೈಗರ್ ಬೇಟೆಗೆ ಹೋದದ್ದು

ನಾಯಿ ಹಿಡಿದುಕೊಂಡು ಮನೆಯಿಂದ ಹೊರಟ ಮೇಲೆ ಏನೂ ಆಗದೆ ವಾಪಸು ಬಂದವನನ್ನು ನಾನು ಈವರೆಗೆ ಕಂಡಿಲ್ಲ. ಬೆಳುವಾಯಿಯಲ್ಲಿ ನನ್ನ ಟೈಗರಿನಂಥ ನಾಯಿ ಇನ್ನೊಂದಿಲ್ಲ. ಇದು ನಾನೊಬ್ಬನೇ ಹೇಳುವ ಮಾತಲ್ಲ. ಊರಿನವರೂ ಹೇಳುತ್ತಾರೆ, ಅವರು ಹೇಳುವ ಧಾಟಿ ಮಾತ್ರ ಬೇರೆ.

ಕಳೆದ ಕೆಡ್ಡಸ ಹಬ್ಬದ ವಿಷಯ. ಭೂಮಿತಾಯಿ ಮುಟ್ಟಾಗುವ ಆ ಮೂರು ದಿನ ನೆಲಕ್ಕೆ ಹಾರೆ ಹಾಕುವ ಹಾಗಿಲ್ಲ. ಹಾಗಾಗಿ ಗಂಡಸರು ನಾಯಿ ಕಟ್ಟಿಕೊಂಡು ಗುಡ್ಡೆಗೆ ಬೇಟೆಗೆ ಹೋಗುವುದು ಕ್ರಮ. ಬೆಳ್ತಂಗಡಿ ಕಡೆಯ ನನ್ನ ಸೋದರಮಾವ ಹೇಳಿ ಕಳುಹಿಸಿದ್ದರು: ನಿನ್ನ ನಾಯಿ ಒಂದು ಪ್ರಾಣಿಯನ್ನಾದರೂ ಹಿಡಿದರೆ ಮುಂದಿನ ವರ್ಷ ನಿನ್ನ ಕೈಗೆ ಕೋವಿ, ಇಲ್ಲವಾದರೆ ಸಾಯುವವರೆಗೂ ಡಬ್ಬ ಬಡಿದು ಹಂದಿ ಎಬ್ಬಿಸುವವರ ಸಾಲಿನಲ್ಲೇ ಇರು. ನನ್ನಂಥವನು ಡಬ್ಬ ಬಡಿಯುವುದೆಂದರೆ ಕಂಬಳದ ಕೋಣವನ್ನು ಗಾಣಕ್ಕೆ ಕಟ್ಟಿದ ಹಾಗೆ.

೧. ಬಸ್ಸಿನ ಮೇಲೆ

ಮೂಡುಬಿದಿರೆಯಲ್ಲಿ ಕಂಡಕ್ಟರು ನಾಯಿಯನ್ನು ಬಸ್ಸಿನೊಳಗೆ ಬಿಡುವುದಿಲ್ಲ ಎಂದ. ಒಳಗೆ ಆಗಲೇ ಒಂದು ಸೀಟಿಗೆ ಐದು ಜನ, ಮೂರು ಬಾಳೆಗೊನೆ, ಒಂದು ಆಡು. ಆಡಿಗೆ ಇರುವ ಯೋಗ್ಯತೆ ನನ್ನ ನಾಯಿಗೆ ಇಲ್ಲವೋ ಎಂದು ಕೇಳಿದೆ. ಆಡು ಕಚ್ಚುವುದಿಲ್ಲ ಎಂದ. ನನ್ನದೂ ಕಚ್ಚುವುದಿಲ್ಲ ಎನ್ನಲು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದೆ. ಬೇಟೆಗೆ ಹೊರಟ ನಾಯಿಯ ಬಗ್ಗೆ ಹತ್ತು ಜನರೆದುರು ಹಾಗೆ ಹೇಳುವುದುಂಟೋ?

ಕೊನೆಗೆ ಟೈಗರನ್ನು ಬಸ್ಸಿನ ಮೇಲೆ, ಸಾಮಾನಿನ ನಡುವೆ ಕಟ್ಟಿದೆವು. ಅಲ್ಲಿ ಮೀನು ವ್ಯಾಪಾರದ ಬ್ಯಾರಿಗಳೊಬ್ಬರ ಒಣಮೀನಿನ ಬುಟ್ಟಿಗಳಿದ್ದವು. ಒಂದು ಗಂಟೆಯ ದಾರಿಯಲ್ಲಿ ಮೇಲಿನಿಂದ ಒಂದು ಬೊಗಳೂ ಕೇಳಲಿಲ್ಲ. ಎಂಥ ಶಿಸ್ತು ನೋಡಿ ಎಂದು ಪಕ್ಕದವರಿಗೆ ಹೇಳುತ್ತಲೇ ಬಂದೆ.

ಇಳಿದ ಮೇಲೆ ಬ್ಯಾರಿಗಳು ಬುಟ್ಟಿಯನ್ನೊಮ್ಮೆ ಎತ್ತಿ ನೋಡಿದರು, ಟೈಗರಿನ ಹೊಟ್ಟೆಯನ್ನೊಮ್ಮೆ ನೋಡಿದರು. "ಬೇಟೆಗೆ ಹೋಗುವ ನಾಯಿಯ ಹೊಟ್ಟೆ ಖಾಲಿ ಇರಬೇಕು ಮಾರಾಯ. ಇದನ್ನು ಇನ್ನು ಹೊತ್ತುಕೊಂಡು ಹೋಗು."

೨. ತೊರೆಯ ಬದಿಯಲ್ಲಿ

ಒಣಮೀನು ತಿಂದವರಿಗೆ ಬಾಯಾರುತ್ತದೆ. ನಾಯಿಗೂ.

ಗುಡ್ಡೆಯ ಮೇಲಿನಿಂದ ಡಬ್ಬದವರು ಹಂದಿ ಎಬ್ಬಿಸಿದರು. ಊರಿನ ಹದಿನೈದು ನಾಯಿಗಳು ಬೊಗಳುತ್ತಾ ನುಗ್ಗಿದವು. ಅವುಗಳೆಲ್ಲಕ್ಕಿಂತ ಮುಂದಾಗಿ ಬಾಣದ ಹಾಗೆ ಓಡಿದ್ದು ನನ್ನ ಟೈಗರ್. ನಾನು ಮಾವನ ಮುಖ ನೋಡಿ ಮೀಸೆ ತಿರುವಿದೆ. ಟೈಗರ್ ಓಡಿದ ವೇಗದಲ್ಲೇ ತೊರೆಗೆ ಇಳಿದು ನೀರು ಕುಡಿಯತೊಡಗಿತು.

ಹಂದಿ ಬಂದದ್ದೂ ಅಲ್ಲಿಗೇ. ಟೈಗರ್ ತಲೆ ಎತ್ತಿ ನೋಡಿತು, ಸ್ವಲ್ಪ ಸರಿದು ಜಾಗ ಕೊಟ್ಟಿತು, ಮತ್ತೆ ಕುಡಿಯಿತು. ಅದು ಅಡ್ಡ ನಿಂತದ್ದರಿಂದ ಕೋವಿಯವರಿಗೆ ಗುಂಡು ಹೊಡೆಯಲೂ ಆಗಲಿಲ್ಲ. ಹಂದಿ ನಿಧಾನವಾಗಿ ಆಚೆ ದಡ ಹತ್ತಿ ಹೋಯಿತು.

ಮಾವ ಕೋವಿ ಇಳಿಸಿ ಕೇಳಿದರು: "ಬಂದ ನೆಂಟನಿಗೆ ನೀರು ಮಾತ್ರ ಕೊಟ್ಟದ್ದೋ, ಬೆಲ್ಲವೂ ಕೊಟ್ಟಿತೋ ನಿನ್ನ ನಾಯಿ?"

೩. ಊಟಕ್ಕೆ ಕೂತಾಗ

ಸಂಜೆಯವರೆಗೆ ಸುತ್ತಿದರೂ ಒಂದು ಮೊಲವೂ ಸಿಗಲಿಲ್ಲ. ಬೇಟೆಯ ಯಜಮಾನಿಕೆ ಊರಿನ ಮುಖ್ಯಸ್ಥರಾದ ಗುರಿಕಾರರದ್ದು, ಊಟವೂ ಅವರ ಅಂಗಳದಲ್ಲೇ. ಕೆಡ್ಡಸದ ನುಗ್ಗೆ-ಬದನೆ ಪದಾರ್ಥ ಉಂಟು, ಮಾಂಸ ಇಲ್ಲ. ಮೂವತ್ತು ಗಂಡಸರು ಬದನೆಯನ್ನು ನೋಡಿ ನನ್ನನ್ನು ನೋಡುತ್ತಿದ್ದರು. ನನ್ನ ಕೋವಿಯ ಆಸೆ ಮುಳುಗಿತೆಂದು ನಾನೂ ತಲೆ ತಗ್ಗಿಸಿ ಕೂತಿದ್ದೆ. ಅದು ನನಗೆ ಅಭ್ಯಾಸವಿಲ್ಲದ ಭಂಗಿ.

ಅಷ್ಟರಲ್ಲಿ ದನದ ಹಟ್ಟಿಯ ಬದಿಯಿಂದ ಒಂದೇ ಒಂದು ಕೂಗು. ಟೈಗರ್ ಓಡಿ ಬಂದು ಅಂಗಳದ ನಡುವೆ ಒಂದು ಹುಂಜವನ್ನು ಹಾಕಿತು. ಕೋಳಿ ಅಂಕದಲ್ಲಿ ಒಂಬತ್ತು ಸಲ ಗೆದ್ದ, ಗುರಿಕಾರರು ಮಗನಿಗಿಂತ ಮುದ್ದಿನಿಂದ ಸಾಕಿದ ಹುಂಜ. ಜೀವ ಇರಲಿಲ್ಲ.

ಗುರಿಕಾರರ ಕೈ ಕತ್ತಿಯ ಕಡೆ ಹೋಯಿತು. ಆಗ ಡಬ್ಬದವರ ಸಾಲಿನ ಒಬ್ಬ ಅಜ್ಜ ಕೆಮ್ಮಿ ಹೇಳಿದ: "ಒಡೆಯರೇ, ಕೆಡ್ಡಸದ ದಿನ ನಾಯಿ ಹಿಡಿದದ್ದು ಏನೇ ಆಗಲಿ, ಬೇಟೆಯ ಲೆಕ್ಕ. ಎಲ್ಲರಿಗೂ ಪಾಲು ಹಾಕಬೇಕು. ನಿಮ್ಮ ಅಜ್ಜನ ಕಾಲದ ಕ್ರಮ."

ಮೂವತ್ತು ಗಂಡಸರಿಗೂ ಆ ಕ್ಷಣದಲ್ಲಿ ಕ್ರಮದ ಮೇಲೆ ಅಪಾರ ಭಕ್ತಿ ಹುಟ್ಟಿತು. ಎಲ್ಲರೂ ಹುಂಜಕ್ಕಾಗಿ ಬಹಳ ಮರುಗಿದರು. ಮರುಗುತ್ತಲೇ ಒಬ್ಬ ನೀರು ಕಾಯಿಸಿದ, ಇಬ್ಬರು ಪುಕ್ಕ ಕಿತ್ತರು, ಇನ್ನೊಬ್ಬ ಮಸಾಲೆ ಅರೆಯಲು ಹೇಳಿ ಬಂದ. ಕ್ರಮದ ಪ್ರಕಾರ ಮೊದಲು ಕಚ್ಚಿದ ನಾಯಿಯ ಪಾಲನ್ನು ಗುರಿಕಾರರೇ ತಮ್ಮ ಕೈಯಾರೆ ಬಡಿಸಬೇಕು. ಬಡಿಸಿದರು. ಜಾಗದ ಯಜಮಾನನ ಪಾಲೆಂದು ಒಂದು ಕಾಲು ಅವರ ಎಲೆಗೂ ಬಿತ್ತು. ಕಣ್ಣೊರೆಸಿಕೊಂಡು ತಿಂದರು. ಆಮೇಲೆ ಸಾರು ಸ್ವಲ್ಪ ಉಂಟೋ ಎಂದು ಕೇಳಿದರು.

ಕೈ ತೊಳೆಯುವಾಗ ನಾನು ಎದೆ ಸೆಟೆಸಿಕೊಂಡು ಮಾವನ ಹತ್ತಿರ ಹೋದೆ. ಒಂದು ಪ್ರಾಣಿಯನ್ನಾದರೂ ಎಂದಿದ್ದಿರಿ, ಹಿಡಿದಾಯಿತಲ್ಲ ಎಂದೆ. ಮಾವ ಗುರಿಕಾರರ ಖಾಲಿ ಕೋಳಿಗೂಡನ್ನು ನೋಡಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಕೊಡ್ತೇನೆ ಅಳಿಯ. ಮುಂದಿನ ಸಲ ಕೋವಿ ಹಿಡಿದುಕೊಂಡು ನೀನು ಬಾ, ನಾಯಿ ಮನೆಯಲ್ಲಿರಲಿ. ನಿನ್ನದಾದರೆ ಗುರಿ ತಪ್ಪುತ್ತದೆ, ಊರಿನ ಕೋಳಿಗಳು ಬದುಕಿಕೊಳ್ತವೆ."