ಕೀಬೋರ್ಡು ಬಂಡಾಯ

ವೆಂಡೆಲ್ ಕ್ರಾವ್‌ಚುಕ್ ಕಾಫಿ ತರಲು ಎದ್ದುಹೋದ ಏಳು ನಿಮಿಷದಲ್ಲಿ ಅವನ ಕೀಬೋರ್ಡನ್ನು ಯಾರೋ 'ಸರಿ' ಮಾಡಿಬಿಟ್ಟಿದ್ದರು.

ನೋಡಲು ಹಾಗೇ ಇತ್ತು. ಬುದ್ಧಿ ಮಾತ್ರ ಬದಲಾಗಿತ್ತು. ವ್ಯಾಂಕೂವರಿನ ಆ ಸ್ಟುಡಿಯೋದಲ್ಲಿ ಹತ್ತೊಂಬತ್ತು ವರ್ಷದಿಂದ ಸಿನಿಮಾ ದೃಶ್ಯದ ತುಂಡುಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಬೆಸೆಯುತ್ತಿದ್ದ ವೆಂಡೆಲ್, ಬೇಕಾದ ಆಜ್ಞೆಗಳನ್ನೆಲ್ಲ ಎಡಗೈ ಬೆರಳುಗಳ ಕೆಳಗೇ ತಂದು ಕೂರಿಸಿಕೊಂಡಿದ್ದ. ಅಲ್ಲಿ ಬೇರೆಯವರು ಕೂತರೆ ಪರರ ಅಡುಗೆಮನೆಯಲ್ಲಿ ಕಣ್ಣು ಕಟ್ಟಿಕೊಂಡು ಉಪ್ಪು ಹುಡುಕಿದ ಹಾಗಾಗುತ್ತಿತ್ತು.

"ಲೇ, ಗ್ವೆನ್ ಕಾಯ್ತಿದಾಳೆ, ಕಳ್ಸೋ ಬೇಗ!" ಪಕ್ಕದ ಮೇಜಿನ ಟೋಬಿಯಾಸ್ ಫಂಗ್ ಅವಸರ ಮಾಡಿದ. ವೆಂಡೆಲ್ ಅವನ ಕಡೆ ತಿರುಗಿಕೊಂಡೇ ಕೊನೆಯದಾಗಿ 'ಡಿ' ಒತ್ತಿ ದೃಶ್ಯ ಕಳಿಸಿದ. ಅವನ ಪಾಲಿಗೆ ಡಿ ಎಂದರೆ ಅಂಚನ್ನು ನಯ ಮಾಡು. ಊರಿನವರ ಪಾಲಿಗೆ, ಆರಿಸಿದ್ದನ್ನು ಮಾಯ ಮಾಡು.

ಮೇಲ್ವಿಚಾರಕಿ ಗ್ವೆನ್ ಮೆಕ್‌ಆಲಿಸ್ಟರ್ ದೊಡ್ಡ ತೆರೆಯ ಮೇಲೆ ದೃಶ್ಯ ಹಾಕಿಸಿದಳು. ಬಿಳಿ ಕುದುರೆಯೇರಿ ಹೊಳೆ ದಾಟಬೇಕಿದ್ದ ರಾಣಿ, ಚಿತ್ರೀಕರಣದ ದಿನ ಕುದುರೆಯ ಬದಲಿಗೆ ಕೂತಿದ್ದ ನೀಲಿ ಡ್ರಮ್ಮಿನ ಮೇಲೆಯೇ ಕತ್ತಿ ಬೀಸುತ್ತ ಹಾರಿಬಂದಳು.

"ಕುದುರೆ ಎಲ್ಲಪ್ಪಾ, ವೆಂಡೆಲ್?"

"ಮೇವಿಗೆ ಹೋಗಿರ್ಬೇಕು," ಎಂದ ಫಂಗ್. ಕೋಣೆಯೆಲ್ಲ ಗೊಳ್ಳೆಂದಿತು.

"ನನ್ನ ಕೀಗಳನ್ನ ಯಾರು ಮುಟ್ಟಿದ್ದು?"

"ನಾನೇ ಎಲ್ಲರದ್ದೂ ಮೊದಲಿನ ಸ್ಥಿತಿಗೆ ತರಿಸ್ದೆ. ನೀನು ಒಂದಿನ ರಜಾ ಹಾಕಿದ್ರೆ ನಿನ್ನ ಮೆಷೀನು ಯಾರಿಗೂ ಬಗ್ಗಲ್ಲ. ಮೇಲ್ ಓದೋ ಅಭ್ಯಾಸ ಇಲ್ವಾ?"

"ನನ್ನ ಸಂಬಳಕ್ಕೆ ನೀನು ಯಜಮಾನಿ, ಬೆರಳಿಗಲ್ಲ," ಎಂದು ವೆಂಡೆಲ್ ಎದ್ದು ನಿಂತ. "ನನ್ನ ಕೀ ನನಗೆ ಕೊಡು. ಇವತ್ತು ಸಂಜೆ ನಾಲ್ಕರೊಳಗೆ ಒಂಬತ್ತು ದೃಶ್ಯ ಮುಗಿಸ್ತೀನಿ. ಆಗ್ದಿದ್ರೆ ಸಾಯೋವರೆಗೂ ನಿನ್ನ ಕೀನೇ ಒತ್ತುತೀನಿ."

ಮೂರು ದಿನದ ಕೆಲಸ ಅದು. ಗ್ವೆನ್ ನಗುತ್ತಲೇ ಒಪ್ಪಿ ಅವನ ಕೀಗಳನ್ನು ವಾಪಸು ಕೊಡಿಸಿದಳು.

ಆಮೇಲೆ ಶುರುವಾಯಿತು ಹಿತೈಷಿಗಳ ಕಾಟ. ಒಬ್ಬ ಭುಜ ಒತ್ತಿದ, ಇನ್ನೊಬ್ಬಳು ಬೆನ್ನು ನೆಟ್ಟಗಿಡು ಎಂದಳು. ಫಂಗ್ ತಂದ ಡೋನಟ್ಟಿನ ಸಕ್ಕರೆಯೆಲ್ಲ ಕೀಬೋರ್ಡಿನೊಳಗೆ ಉದುರಿತು. ವೆಂಡೆಲ್ ಊದಿದ, ಬಯ್ದ, ಮತ್ತೆ ಒತ್ತಿದ. ಆರನೆಯ ದೃಶ್ಯದ ನಡುವೆ ಕಟ್ಟಡವೆಲ್ಲ ಕಿರುಚಿಕೊಂಡಿತು: ಅಗ್ನಿ ಅವಘಡದ ಅಣಕು ಕವಾಯತು! ಕವಾಯತು ನಡೆಸುವವರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಗ್ವೆನ್ನೇ ಬಂದು ನಿಂತಳು.

"ಏಳು, ಹೊರಗೆ ನಡಿ."

"ಸುಟ್ಟುಹೋದ್ರೆ ಕೀಬೋರ್ಡ್ ಜೊತೇಲೇ ಹೋಗ್ತೀನಿ. ನೀನು ನಡಿ!"

ಕೊನೆಗೆ ಫಂಗ್ ಮತ್ತು ಇನ್ನಿಬ್ಬರು ಅವನನ್ನು ಕುರ್ಚಿಸಮೇತ ಬೀದಿಗೆ ಉರುಳಿಸಿಕೊಂಡು ಹೋದರು. ಇಪ್ಪತ್ತು ನಿಮಿಷ ತುಂತುರು ಮಳೆಯಲ್ಲಿ ಕೂತ ವೆಂಡೆಲ್ ತೊಡೆಯ ಮೇಲೆಯೇ ಬೆರಳಾಡಿಸುತ್ತಿದ್ದ.

ಮೂರು ಐವತ್ತೆರಡಕ್ಕೆ ಒಂಬತ್ತನೆಯ ದೃಶ್ಯ ಮುಗಿಯಿತು. ಒಂದು ಕೂದಲೆಳೆಯ ತಪ್ಪೂ ಇರಲಿಲ್ಲ. ಗ್ವೆನ್ ಎರಡು ಸಲ ನೋಡಿದಳು, ಎದ್ದು ಕೈಕುಲುಕಿದಳು. "ಸೋತೆ ಮಾರಾಯ."

ಐದಕ್ಕೆ ಎಲ್ಲರಿಗೂ ಅವಳ ಮೇಲ್ ಬಂತು: ಇಂದಿನಿಂದ ಇಡೀ ಸ್ಟುಡಿಯೋಗೆ ವೆಂಡೆಲನ ಕೀಗಳೇ ಕಾನೂನು.

ವೆಂಡೆಲ್ ರಾಜನಂತೆ ಒರಗಿ ಕೂತ. ಈ ಸಲವೂ ಮೇಲ್ ಪೂರ್ತಿ ಓದಲಿಲ್ಲ. ಗೆದ್ದ ಹುಮ್ಮಸ್ಸಿನಲ್ಲಿ, 'ಜಿ'ಯ ಆಜ್ಞೆಯನ್ನು ಇನ್ನೂ ಒಂದು ಮನೆ ಎಡಕ್ಕೆ ಸರಿಸೋಣವೆಂದು ಹೋದರೆ ಬೀಗ ಬಿದ್ದಿತ್ತು! ಗ್ವೆನ್ನಳ ಕೋಣೆಗೆ ನುಗ್ಗಿದ.

"ನನ್ನ ಕೀ, ನನಗೇ ಬೀಗಾನಾ?"

"ಕಾನೂನು ಅಂದ್ಮೇಲೆ ಎಲ್ಲರಿಗೂ ಒಂದೇ. ಬದಲಾಯಿಸ್ಬೇಕಾದ್ರೆ ಅರ್ಜಿ ಕೊಡು, ಕೀಬೋರ್ಡು ಅಧಿಕಾರಿ ಸಹಿ ಹಾಕ್ಬೇಕು."

"ಯಾವನವನು?"

"ನೀನೇ. ಮೇಲ್‌ನಲ್ಲಿ ಇದೆಯಲ್ಲ."

"ಹಾಗಾದ್ರೆ ಕೊಡು ಪೆನ್ನು!"

"ಕೊಡ್ತೀನಿ. ಆದ್ರೆ ತನ್ನ ಅರ್ಜಿಗೆ ತಾನೇ ಸಹಿ ಹಾಕೋ ಹಾಗಿಲ್ಲ."

ಹೊರಗೆ ಅವನ ಮೇಜಿನೆದುರು ಆಗಲೇ ನಲವತ್ತು ಜನ ಅರ್ಜಿ ಹಿಡಿದು ಸಾಲುಗಟ್ಟಿದ್ದರು. ಎಲ್ಲರಿಗೂ ತಂತಮ್ಮ ಕೀ ವಾಪಸು ಬೇಕಿತ್ತು. ವೆಂಡೆಲ್ ಗ್ವೆನ್ನಳ ಕಿಟಕಿಯತ್ತ ನೋಡುತ್ತಲೇ ಹಲ್ಲು ಕಚ್ಚಿ ಒಂದೊಂದಕ್ಕೂ ಸಹಿ ಜಡಿದ. ಏಳು ಗಂಟೆಗೆಲ್ಲ ಸ್ಟುಡಿಯೋದ ಪ್ರತಿಯೊಬ್ಬನೂ ಸ್ವತಂತ್ರನಾಗಿದ್ದ.

ಒಂದೇ ಒಂದು ಅರ್ಜಿ ಉಳಿದಿತ್ತು.