ಅಂತರಪಟದ ಮೇಲೆ ನನ್ನ ಅಣು

ಮೊದಲೇ ಹೇಳಿಬಿಡುತ್ತೇನೆ: ನನ್ನ ಅಣು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಈ ಮಾತನ್ನು ಬೈಯಪ್ಪನಹಳ್ಳಿಯ ಯಾವ ಮನೆಯ ಜಗಲಿಯ ಮೇಲೆ ಬೇಕಾದರೂ ನಿಂತು ಹೇಳಬಲ್ಲೆ. ನಿಲ್ಲಲು ಬಿಡುವುದಿಲ್ಲ, ಅದು ಬೇರೆ ವಿಷಯ!

ತೊಂಬತ್ತರ ದಶಕದ ಕೊನೆ. ರಸಾಯನಶಾಸ್ತ್ರದಲ್ಲಿ ನನ್ನ ಪಿಎಚ್‌ಡಿಗೆ ಆರನೇ ವರ್ಷ. ಬೆಳಕು ಬಿದ್ದರೆ ಆಕಾರ ಬದಲಿಸುವ ಅಣುಗಳನ್ನು ಕಟ್ಟುವುದು ನನ್ನ ಕಸುಬು. ಬಿಸಿಲಿಗೆ ಹಿಡಿದರೆ ಅಣುವಿನೊಳಗಿನ ಒಂದು ಕೊಂಡಿ ಬಿಚ್ಚಿಕೊಂಡು, ನೀರಿನಂತಿದ್ದ ದ್ರಾವಣ ಕಡುನೀಲಿಯಾಗುತ್ತದೆ. ನೆರಳಿಗೆ ತಂದರೆ ಕೊಂಡಿ ಕೂಡಿಕೊಂಡು ಬಣ್ಣ ಮಾಯ. ಮನೆಯ ದೀಪಕ್ಕೆ ಸ್ವಿಚ್ ಇರುವಂತೆ ಇದು ಅಣುವಿನ ಸ್ವಿಚ್. ಒತ್ತುವುದು ಬೆರಳಲ್ಲ, ಬೆಳಕು. ಕೊಂಡಿ ಬೇಗ ಕೂಡಲೆಂದು ಅಣುವಿನ ತುದಿಗೆ ನಾನೇ ಒಂದು ಹೊಸ ಬಾಲ ಅಂಟಿಸಿದ್ದೆ. ಸೀಸೆಯಲ್ಲಿ ಮೂರೇ ನಿಮಿಷಕ್ಕೆ ಬಣ್ಣ ಹೋಗುತ್ತಿತ್ತು.

ಮಾವನಿಗೆ ಇದರಲ್ಲಿ ಎಳ್ಳಷ್ಟೂ ಆಸಕ್ತಿ ಇರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ರೂಮು ಕಟ್ಟಿಸಿದ ಮನುಷ್ಯ. ರೂಮು ಕಣ್ಣಿಗೆ ಕಾಣುತ್ತದೆ, ಅಣು ಕಾಣುವುದಿಲ್ಲ. ಆದ್ದರಿಂದ ನಾನು ದಂಡಪಿಂಡ. ನನ್ನೆದುರು ಹೇಳುತ್ತಿರಲಿಲ್ಲ, ಮಗಳ ಹತ್ತಿರ ಹೇಳುತ್ತಿದ್ದರು. ನನ್ನ ಹೆಂಡತಿ ಮಂಜುಳಾ ಅದನ್ನು ಚಾಚೂ ತಪ್ಪದೆ ನನಗೆ ತಲುಪಿಸುತ್ತಿದ್ದಳು. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಅಷ್ಟರಲ್ಲಿ ನಾದಿನಿ ಗೀತಾಳ ಮದುವೆ ಗೊತ್ತಾಯಿತು. ಬೈಯಪ್ಪನಹಳ್ಳಿಯ ಮಾವನ ಮನೆಯಂಗಳದಲ್ಲೇ ಚಪ್ಪರ.

“ಅಂತರಪಟದ ಜವಾಬ್ದಾರಿ ನನ್ನದು!” ಎಂದು ಘೋಷಿಸಿದೆ.

ಧಾರೆಗೆ ಮುಂಚೆ ಗಂಡು ಹೆಣ್ಣಿನ ನಡುವೆ ಹಿಡಿಯುವ ಆ ಬಿಳಿ ಬಟ್ಟೆಯ ಮೇಲೆ ಇಬ್ಬರ ಹೆಸರನ್ನೂ ನನ್ನ ದ್ರಾವಣದಲ್ಲಿ ಬರೆಯುವುದು. ಬಿಸಿಲು ಬಿದ್ದೊಡನೆ ಹೆಸರು ಮೂಡುವುದು. ನೆರಳಿಗೆ ಒಯ್ದೊಡನೆ ಮಾಯವಾಗುವುದು. ಮಾವ ಮೂಗಿನ ಮೇಲೆ ಬೆರಳಿಡುವುದು. ಇಷ್ಟೇ ಯೋಜನೆ.

“ನೆಟ್ಟಗೆ ಬರುತ್ತೇನ್ರೀ? ನಮ್ಮಪ್ಪನ ಮುಂದೆ ನನ್ನ ಮಾನ ತೆಗೀಬೇಡಿ” ಎಂದಳು ಮಂಜುಳಾ.

“ವಿಜ್ಞಾನ ಕಣೇ ಇದು! ಸುಮ್ನೆ ನೋಡ್ತಿರು.”

ಶಿವಾಜಿನಗರದಿಂದ ಎರಡು ಬಿಳಿ ಪಂಚೆ ತಂದೆ. ಒಂದು ಪ್ರಯೋಗಕ್ಕೆ, ಒಂದು ಮದುವೆಗೆ. ಹಲಸೂರಿನ ನಮ್ಮ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಕೆಂಪು ಜೀರೋ ಬಲ್ಬಿನಡಿ ಬ್ರಷ್ ಹಿಡಿದು ಕುಳಿತೆ. ಪ್ರಯೋಗದ ಪಂಚೆಯ ಮೇಲೆ ಏನು ಬರೆಯುವುದು? ಮದುವೆಯಾದಾಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ದಪ್ಪಕ್ಷರದಲ್ಲಿ ಬರೆದೆ: ‘ಮಾವ, ನಾನು ದಂಡಪಿಂಡ ಅಲ್ಲ!’ ಆಹಾ, ಎದೆ ಹಗುರಾಯಿತು. ಇನ್ನೊಂದರ ಮೇಲೆ ಗೀತಾ, ರಮೇಶ ಎಂದು ಬಳ್ಳಿ ಸಮೇತ ಬರೆದೆ. ಒಣಗಿದ ಮೇಲೆ ಎರಡೂ ಹಾಲಿನಂತೆ ಬಿಳಿ.

“ಯಾವ್ದು ಯಾವ್ದು ಅಂತ ಗುರುತು ಹಾಕಿದ್ದೀರಾ?” ಮಂಜುಳಾ ಕೇಳಿದಳು.

“ಹಾಕ್ದೆ ಇರ್ತೀನಾ? ಮೂಲೇಲಿ ಒಂದು, ಎರಡು ಅಂತ ಬರೆದಿದ್ದೀನಿ.”

ಬರೆದಿದ್ದೆ. ಅದೇ ದ್ರಾವಣದಲ್ಲಿ!

ಪ್ರಯೋಗ ಮಾಡೋಣವೆಂದರೆ ಎರಡು ದಿನವೂ ಮೋಡ. ಸೀಸೆಯಲ್ಲಿ ಆದದ್ದು ಬಟ್ಟೆಯಲ್ಲಿ ಆಗದೇ ಇರುತ್ತದೆಯೇ ಎಂದು, ‘ಎರಡು’ ಎಂದು ನಾನು ನಂಬಿದ ಪಂಚೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ ಮದುವೆಗೆ ಹೊರಟೆ. ಆ ದಿನ ಮಾತ್ರ ಸೂರ್ಯ ಭರ್ಜರಿಯಾಗಿ ಬಂದ. ಧಾರೆಮಂಟಪದ ನೆತ್ತಿಯ ಮೇಲಿನ ತೆಂಗಿನ ಗರಿಗಳನ್ನು ನಾನೇ ಹತ್ತಿ ಕಿತ್ತೆ.

“ಯಾರದು ಚಪ್ಪರ ಕಿತ್ತಿದ್ದು? ಬೀಗರ ತಲೆ ಮೇಲೆ ಬಿಸ್ಲು ಬೀಳ್ತೈತೆ!” ಮಾವ ಕೂಗಿದರು.

“ನಾನೇ ಮಾವ. ಐದು ನಿಮಿಷ ತಡ್ಕೊಳ್ಳಿ.”

ಪಂಚೆಯನ್ನು ಪುರೋಹಿತರ ಕೈಗಿಡುವಾಗ ಗುರುತು ನೋಡೋಣವೆಂದು ನೆರಳಲ್ಲೇ ಮೂಲೆ ಬಿಡಿಸಿದೆ. ಏನೂ ಇಲ್ಲ. ಆಗ ಹೊಳೆಯಿತು! ಆದರೂ ಎದೆ ಗಟ್ಟಿಮಾಡಿಕೊಂಡೆ. ಇದ್ದದ್ದು ಎರಡೇ ಪಂಚೆ. ಅರ್ಧ ಗೆಲುವು ಹೇಗೂ ನನ್ನದೇ.

ಮಂಗಳಾಷ್ಟಕ ಶುರುವಾಯಿತು. ಬಿಸಿಲು ಬಿತ್ತು. ಬಟ್ಟೆಯ ಮೇಲೆ ನೀಲಿ ಅಕ್ಷರಗಳು ಒಂದೊಂದಾಗಿ ಮೂಡಿದವು. ಮಾ. ವ. ನಾ. ನು. ಪುರೋಹಿತರ ಮಂತ್ರ ಅರ್ಧಕ್ಕೇ ನಿಂತಿತು. ಗಂಡಿನ ಸೋದರತ್ತೆ ಇಡೀ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಗಂಡಿನ ತಂದೆ ಎದ್ದು ನಿಂತರು.

“ಏನ್ರೀ ಇದು? ತಾಳಿ ಕಟ್ಟೋಕ್ ಮುಂಚೇನೇ ನಮ್ ಹುಡುಗನ್ನ ದಂಡಪಿಂಡ ಅಂದಿದ್ದೀರಾ?”

“ನಾನು ಬರ್ದಿಲ್ಲ ಅಪ್ಪಾ!” ರಮೇಶ ಬೆವರುತ್ತ ಹೇಳಿದ.

“ನಡಿಯೋ, ಹೋಗೋಣ!”

ಗೀತಾಳ ಕಣ್ಣಲ್ಲಿ ನೀರು. ಮಾವನ ಮುಖದಲ್ಲಿ ರಕ್ತವಿಲ್ಲ. ನನಗೆ ನಿಜವಾಗಿ ಭಯವಾಯಿತು. ಜಾಣತನ ತೋರಿಸಲು ಹೋಗಿ ಒಂದು ಹೆಣ್ಣಿನ ಮದುವೆ ಮುರಿಯುವುದೇ? ಹಾರಿ ಮಂಟಪಕ್ಕೆ ಹತ್ತಿ, ಓಲಗಕ್ಕಿಂತ ಜೋರಾಗಿ ಕೂಗಿದೆ:

“ನಿಮ್ ಹುಡುಗ ಅಲ್ಲಾ ಸಾರ್! ದಂಡಪಿಂಡ ನಾನು! ದೊಡ್ಡಳಿಯ! ಮನೇಲಿ ಎಲ್ರಿಗೂ ಗೊತ್ತು!”

ಮೊದಲು ಗಂಡಿನ ತಂದೆ ನಕ್ಕರು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಪುರೋಹಿತರು ತಮ್ಮ ಶಲ್ಯವನ್ನೇ ಅಡ್ಡ ಹಿಡಿಸಿದರು. ಧಾರೆ ಮುಗಿಯಿತು.

ನಾನು ಪಂಚೆಯನ್ನು ನಡುಮನೆಯ ನೆರಳಿಗೆ ಒಯ್ದೆ. “ಮೂರೇ ನಿಮಿಷ, ಹೋಗ್ಬಿಡುತ್ತೆ” ಎಂದೆ ಮಂಜುಳಾಗೆ. ಮೂರಾಯಿತು. ಮೂವತ್ತಾಯಿತು. ಸೀಸೆಯಲ್ಲಿ ಅಷ್ಟು ವಿಧೇಯವಾಗಿದ್ದ ಅಣು ಹತ್ತಿಯ ನೂಲನ್ನು ಅಪ್ಪಿಕೊಂಡು ಕುಳಿತಿತ್ತು. ಕೊಂಡಿ ಕೂಡಲಿಲ್ಲ. ಅಕ್ಷರ ಮತ್ತಷ್ಟು ಸ್ಪಷ್ಟವಾದಂತೆ ಕಂಡಿತು.

“ಸ್ವಿಚ್ ಆನ್ ಆಯ್ತಲ್ಲ! ಅದನ್ನ ಯಾರೂ ನೋಡಲ್ಲ!” ಎಂದು ರೇಗಿದೆ.

ಮಾವ ಬಂದರು. ಪಂಚೆಯನ್ನು ಎತ್ತಿ, ತಿರುಗಿಸಿ, ಬೆರಳಿನಿಂದ ಉಜ್ಜಿ ನೋಡಿದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಸಂಶೋಧನೆಯ ಬಗ್ಗೆ ಒಂದು ಪ್ರಶ್ನೆ ಕೇಳಿದರು.

“ಅಳಿಯಂದ್ರೇ, ಇದು ಒಗೆದ್ರೆ ಹೋಗ್ತದಾ?”

ಆರು ವರ್ಷದಲ್ಲಿ ನನ್ನ ಗೈಡ್ ಕೂಡ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. ನನಗೆ ಗೊತ್ತಿರಲಿಲ್ಲ!