ಸಿನೆಮಾದಲ್ಲಿ ಸತ್ತವನು ಊರಿಗೆ ಬಂದರೆ

ಹಿಂದಿ ಸಿನೆಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತ, ಆಮೇಲೆ ಟಿವಿಯಲ್ಲಿ ಕಾರ್ಯಕ್ರಮ ನಡೆಸಿಕೊಡುತ್ತ ನನ್ನ ಆಯುಸ್ಸಿನ ಮುಕ್ಕಾಲು ಭಾಗ ಮುಂಬಯಿಯಲ್ಲಿ ಕಳೆಯಿತು. ಅಲ್ಲಿ ರಸ್ತೆಯಲ್ಲಿ ಯಾರೂ ನನ್ನನ್ನು ತಿರುಗಿ ನೋಡುವುದಿಲ್ಲ. ರಜೆಯಲ್ಲಿ ಹುಟ್ಟೂರು ಬೆಳುವಾಯಿಗೆ ಬಂದು ಬಸ್ಸಿನಿಂದ ಕಾಲು ಕೆಳಗಿಟ್ಟೆನೋ, ಏನಾದರೊಂದು ಆಗಿಯೇ ಆಗುತ್ತದೆ. ತಪ್ಪು ನನ್ನದಲ್ಲ, ಊರಿನವರದ್ದೂ ಅಲ್ಲ. ಪರದೆಯಲ್ಲಿ ನೋಡಿದ್ದನ್ನು ಅವರು ಮರೆಯುವುದಿಲ್ಲ, ಅಷ್ಟೆ.

ಇಂಟರ್‌ವಲ್‌ಗೆ ಮೊದಲೇ

ನಾನು ಮುಂಬಯಿಗೆ ಹೋದದ್ದು ಚಿಕ್ಕಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರಲು. ಒಮ್ಮೆ ಆ ಹೋಟೆಲಿನಲ್ಲೇ ಶೂಟಿಂಗ್ ನಡೆಯಿತು. ಖಳನಾಯಕನ ಜೊತೆಗಾರನ ಪಾತ್ರಕ್ಕೆ ಬರಬೇಕಾದವನು ಕೈಕೊಟ್ಟ. ನಿರ್ದೇಶಕರು ನನ್ನ ಮೀಸೆ ನೋಡಿ, "ಇವನೇ ಆದೀತು" ಎಂದರು. ಹೀಗೆ ನಾನು ನಟನಾದೆ.

ಆ ಸಿನೆಮಾ ಮೂಡುಬಿದಿರೆಗೆ ಬಂದಾಗ ನಾನು ಊರಿನಲ್ಲಿದ್ದೆ. ಅಮ್ಮ ಜೀಪು ಮಾಡಿಸಿ ನನ್ನ ಜೊತೆಗೆ ದೊಡ್ಡಮ್ಮ, ಅತ್ತೆ, ನೆರೆಕರೆಯವರನ್ನೆಲ್ಲ ತುಂಬಿಸಿಕೊಂಡು ಹೊರಟರು. ಸಿನೆಮಾ ಸುರುವಾಗಿ ಸ್ವಲ್ಪ ಹೊತ್ತಿಗೇ ಹೀರೋ ನನ್ನ ಎದೆಗೆ ಗುಂಡು ಹೊಡೆದ. ಪರದೆಯಲ್ಲಿ ನಾನು ಬಿದ್ದೆ. ಇಲ್ಲಿ ಅಮ್ಮ ಎದ್ದರು.

"ಏಳಿ ಎಲ್ಲ, ಹೋಗುವ."

"ಎಂಥ ಅಮ್ಮ, ಇನ್ನೂ ಇಂಟರ್‌ವಲ್ಲೇ ಆಗಲಿಲ್ಲ!"

"ನೀನು ಸತ್ತ ಮೇಲೆ ಇನ್ನೆಂಥ ನೋಡ್ಲಿಕ್ಕೆ ಉಂಟು?"

ಇಡೀ ಸಾಲು ಎದ್ದು ನಿಂತಿತು. ಹಿಂದೆ ಕೂತಿದ್ದ ಒಬ್ಬರು, "ಏನಾಯಿತು?" ಎಂದು ಕೇಳಿದರು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ನಮ್ಮ ಹುಡುಗ ಹೋದ" ಎಂದರು. ಪಾಪ, ಆ ಮನುಷ್ಯ ಗಾಬರಿಯಿಂದ ಎದ್ದು, ಕತ್ತಲೆಯಲ್ಲಿ ನನ್ನ ಕೈಯನ್ನೇ ಹಿಡಿದುಕೊಂಡು, "ಧೈರ್ಯ ತಂದುಕೊಳ್ಳಿ, ಯಾರ ಕೈಯಲ್ಲೂ ಇಲ್ಲ" ಎಂದು ಸಮಾಧಾನ ಹೇಳಿದರು.

ಎಳೆದ ಕೈ

ಆಮೇಲೆ ಒಂದರ ಹಿಂದೆ ಒಂದು ದುಷ್ಟರ ಪಾತ್ರಗಳೇ ಬಂದವು. ಅದೇ ಸಮಯಕ್ಕೆ ಬೆಳ್ತಂಗಡಿ ಕಡೆಯ ಒಂದು ಮನೆಗೆ ಹೆಣ್ಣು ನೋಡಲು ಹೋದೆವು. ಹುಡುಗಿ ಶಾಲೆಯಲ್ಲಿ ಟೀಚರು. ನನಗೆ ನೋಡಿದ ಕೂಡಲೇ ಮನಸ್ಸಾಯಿತು. ಜಾತಕವೂ ಕೂಡಿಬಂದಿತ್ತು. ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ಕನ್ನಡಕ ಸರಿಮಾಡಿಕೊಂಡರು.

"ಇವನು ಆ ಪಾಪದ ಹುಡುಗಿಯನ್ನು ಕಾರಿಗೆ ಎಳೆದು ಹಾಕಿದವನಲ್ವಾ?"

ನನ್ನ ಅಮ್ಮ ಗಡಿಬಿಡಿಯಲ್ಲಿ, "ಅದು ಸಿನೆಮಾ ಅಮ್ಮ, ನಿಜ ಅಲ್ಲ" ಎಂದರು.

"ಸಿನೆಮಾ ಇರಬಹುದು. ಎಳೆದ ಕೈ ಇವನದ್ದೇ ಅಲ್ವಾ?"

ನಾನು ಎರಡೂ ಕೈಗಳನ್ನು ಮಡಿಲಲ್ಲಿ ಅಡಗಿಸಿಕೊಂಡೆ. ಮದುವೆ ತಪ್ಪಿತೆಂದೇ ಗ್ರಹಿಸಿದೆ. ಆಗ ಬಾಗಿಲ ಬಳಿ ನಿಂತಿದ್ದ ಹುಡುಗಿ ಬಾಯಿ ಬಿಟ್ಟಳು: "ಅಜ್ಜಿ, ಕೊನೆಗೆ ಹೀರೋ ಇವರಿಗೆ ಸಾಕಷ್ಟು ಹೊಡೆದಿದ್ದಾನೆ. ಮೂಗಿನಲ್ಲೆಲ್ಲ ರಕ್ತ. ಇವರು ಒಂದು ಮಾತು ಎದುರಾಡಲಿಲ್ಲ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೌದಾ? ಪೆಟ್ಟು ತಿಂದು ಸುಮ್ಮನಿರುವ ಅಭ್ಯಾಸ ಉಂಟಾದರೆ ನಮ್ಮ ಹುಡುಗಿಗೆ ಆಗ್ತದೆ" ಎಂದರು.

ಚಿಕ್ಕ ವಿರಾಮ

ಕೂದಲು ಉದುರಲು ಸುರುವಾದ ಮೇಲೆ ಟಿವಿಯವರು ಕರೆದರು. ಜಗಳಾಡಿದ ಸಂಬಂಧಿಕರನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸುವ ಕಾರ್ಯಕ್ರಮ. ಇಬ್ಬರೂ ಬೈದಾಡುತ್ತಾರೆ, ನಾನು "ಒಂದು ಚಿಕ್ಕ ವಿರಾಮ" ಎನ್ನುತ್ತೇನೆ, ಜಾಹೀರಾತು ಮುಗಿದಾಗ ಇಬ್ಬರೂ ಅಪ್ಪಿಕೊಂಡು ಅಳುತ್ತಿರುತ್ತಾರೆ. ಆ ವಿರಾಮದಲ್ಲಿ ಕಾರ್ಯಕ್ರಮದ ಮ್ಯಾನೇಜರು ಅವರ ಕಾಲು ಹಿಡಿಯುವುದೊಂದು ಬಾಕಿ ಎಂಬುದು ನೋಡುವವರಿಗೆ ಗೊತ್ತಿಲ್ಲ.

ಪಾಣೆಮಂಗಳೂರಿನಲ್ಲಿ ಒಂದು ಗೃಹಪ್ರವೇಶದ ಊಟ ಮುಗಿಸಿ ಕೈತೊಳೆಯುತ್ತಿದ್ದೆ. ಹೆಂಡತಿಯ ಕಡೆಯ ಸಂಬಂಧಿಕರೊಬ್ಬರು ಹಿಡಿದರು. ಅವರಿಗೂ ಅವರ ತಮ್ಮನಿಗೂ ಬಾವಿಯ ನೀರಿನ ವಿಷಯದಲ್ಲಿ ಮಾತು ಬಿಟ್ಟುಹೋಗಿ ವರ್ಷಗಳಾಗಿದ್ದವು.

"ದೇಶದ ಜಗಳ ಎಲ್ಲ ಬಿಡಿಸ್ತೀರಿ. ನಮ್ಮದೊಂದು ಬಿಡಿಸಿ ಮಾರಾಯ್ರೆ."

ತಪ್ಪಿಸಿಕೊಳ್ಳಲು ಆಗಲಿಲ್ಲ. ಚಪ್ಪರದಲ್ಲೇ ಎರಡು ಕುರ್ಚಿ ಹಾಕಿಸಿದರು. ಸುತ್ತ ಜನ ಸೇರಿದರು. ಅಣ್ಣ ಪಂಪಿನ ಸುದ್ದಿ ತೆಗೆದರು, ತಮ್ಮ ಅಜ್ಜನ ಸುದ್ದಿ ತೆಗೆದರು, ಸ್ವರ ಏರಿತು. ನನಗೆ ಏನೂ ತೋಚದೆ ಅಭ್ಯಾಸಬಲದಿಂದ ಬಾಯಿಗೆ ಬಂತು: "ಈಗ ಒಂದು ಚಿಕ್ಕ ವಿರಾಮ."

ಹೇಳಿ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ. ಧೈರ್ಯ ಮಾಡಿ ಹೊರಗೆ ಬಂದು ನೋಡಿದರೆ ಅಣ್ಣತಮ್ಮಂದಿರು ಒಂದೇ ಬೆಂಚಿನಲ್ಲಿ ಕೂತು ನಗುತ್ತ ಪಾಯಸ ಕುಡಿಯುತ್ತಿದ್ದಾರೆ! ಹೆಮ್ಮೆಯಿಂದ ಹತ್ತಿರ ಹೋದೆ. ಅಣ್ಣ ತಮ್ಮನ ಹೆಗಲು ತಟ್ಟಿ ಹೇಳುತ್ತಿದ್ದರು:

"ನೀನು ಹೇಳಿದ್ದು ಸರಿ ಮಾರಾಯ. ಆ ಟಿವಿಯ ಜನಕ್ಕೆ ಎಂಥದೂ ಗೊತ್ತಿಲ್ಲ."

ದೊಡ್ಡ ಡಾಕ್ಟರು

ಉಳಿದ ಕೂದಲೂ ನರೆತ ಮೇಲೆ ಸಿನೆಮಾದವರು ನನ್ನನ್ನು ಡಾಕ್ಟರು ಮಾಡಿದರು. ಎಲ್ಲ ಸಿನೆಮಾದಲ್ಲೂ ಕೆಲಸ ಒಂದೇ. ಆಪರೇಶನ್ ಕೋಣೆಯಿಂದ ಹೊರಗೆ ಬರುವುದು, ಕನ್ನಡಕ ತೆಗೆಯುವುದು, ನಿಧಾನಕ್ಕೆ ತಲೆ ಅಲ್ಲಾಡಿಸುವುದು. ನನ್ನ ಕೈಯಲ್ಲಿ ಒಬ್ಬ ರೋಗಿಯೂ ಬದುಕಿದ್ದಿಲ್ಲ.

ಹೋದ ಸಲ ಬಂದಾಗ ವಾಮದಪದವಿನ ಸೋದರಮಾವನಿಗೆ ಬಂಟ್ವಾಳದ ಒಂದು ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಶನ್ ಆಗಿತ್ತು. ಸಣ್ಣ ಆಪರೇಶನ್ನೇ. ಆದರೆ ಮಾವ ಹೆದರಿಕೆಯ ಜನ, ಒಳಗೆ ಹೋಗುವ ಮೊದಲು ಮನೆಯವರಿಗೆಲ್ಲ ಬುದ್ಧಿ ಹೇಳಿ ಹೋಗಿದ್ದರು. ನಾನು ಕೋಣೆಗೆ ಹೋದಾಗ ಅವರಿಗೆ ಇನ್ನೂ ಮಂಪರು. ಅತ್ತೆ ಬದಿಯಲ್ಲಿ ಕೂತಿದ್ದರು. ನಾನು ಮಂಚದ ಕಾಲಬುಡದಲ್ಲಿ ನಿಂತು, ಮಂಜಾಗಿದ್ದ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ. ನರ್ಸಮ್ಮ ಬಾಗಿಲಲ್ಲಿ ಇಣುಕಿ, "ಕಾಫಿ ತರಿಸ್ಲಾ ಸರ್?" ಎಂದರು.

ಬೇಡವೆಂದು ತಲೆ ಅಲ್ಲಾಡಿಸಿದೆ. ಸರಿಯಾಗಿ ಆಗಲೇ ಮಾವನಿಗೆ ಎಚ್ಚರವಾಗಬೇಕೇ!

"ಅಯ್ಯೋ ದೇವರೇ, ನಾನು ಹೋದೆ!"

ಅತ್ತೆ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು, ಅವರೂ ಬೊಬ್ಬೆ ಹೊಡೆದರು. ನಿಜವಾದ ಡಾಕ್ಟರು ಓಡಿಬಂದರು. ಎಳೆ ಪ್ರಾಯದ ಜನ.

"ಅಜ್ಜ, ನಿಮಗೆ ಎಂಥದೂ ಆಗಲಿಲ್ಲ. ನಾಳೆ ಮನೆಗೆ ಹೋಗಬಹುದು."

"ನೀವು ಸುಮ್ಮನಿರಿ. ದೊಡ್ಡ ಡಾಕ್ಟರು ತಲೆ ಅಲ್ಲಾಡಿಸಿ ಆಯ್ತು."

"ಮಾವ, ನಾನು ನಿಮ್ಮ ಅಳಿಯ!" ಎಂದೆ. "ಆಪರೇಶನ್ ಒಳ್ಳೆದಾಗಿದೆ."

ಮಾವ ಕಣ್ಣು ಕಿರಿದು ಮಾಡಿ ನನ್ನನ್ನು ಗುರುತಿಸಿದರು. ಗುರುತಿಸಿದ ಮೇಲೆ ಅಳು ಇನ್ನೂ ಜೋರಾಯಿತು. "ನೀನೇ? ಇಷ್ಟು ಸಿನೆಮಾದಲ್ಲಿ ನೀನು ಒಬ್ಬನನ್ನಾದರೂ ಉಳಿಸಿದ್ದುಂಟಾ?"

ಅಂತೂ ಗಂಜಿ ಬಂತು, ಮಾವ ಎರಡನೇ ಸಲವೂ ಬಡಿಸಿಕೊಂಡು ಉಂಡರು, ಬದುಕಿದ್ದೇನೆಂದು ಒಪ್ಪಿಕೊಂಡರು. ನಾನು ಹೊರಟಾಗ ಆ ಎಳೆಯ ಡಾಕ್ಟರು ಹಿಂದಿನಿಂದಲೇ ಬಂದು ಮೆಲ್ಲಗೆ ಕರೆದರು. ಫೋಟೋ ತೆಗೆಸಿಕೊಳ್ಳಲಿಕ್ಕಿರಬೇಕೆಂದು ನಾನು ಕೂದಲು ಸರಿಮಾಡಿಕೊಂಡೆ.

"ಸರ್, ಒಂದು ಉಪಕಾರ ಮಾಡ್ಬೇಕು. ನೀವು ಜನರಲ್ ವಾರ್ಡಿನ ಎದುರಿನಿಂದ ಹೋಗಬೇಡಿ. ಹಿಂದೆ ಅಡುಗೆಕೋಣೆಯ ಬಾಗಿಲು ಉಂಟು."

"ಯಾಕೆ?"

"ವಾರ್ಡಿನಲ್ಲಿ ಟಿವಿ ಉಂಟು ಸರ್. ಈಗ ಅದರಲ್ಲಿ ನಿಮ್ಮದೇ ಸಿನೆಮಾ ಬರ್ತಾ ಉಂಟು."